ಕೀಲಿಕೈ ಯಾರ ಕಿಸೆಯಲ್ಲಿದೆ?

ಇವತ್ತು ನಾನು ಸ್ಟುಡಿಯೋದಲ್ಲಿ ಕೂತಿಲ್ಲ. ಸತ್ತೂರಿನಲ್ಲಿ ನಿಂತಿದ್ದೇನೆ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಇರೋ ಊರು ಇದು. ನನ್ನ ಹಿಂದೆ ಎಸ್‌ಡಿಎಂ ಆಸ್ಪತ್ರೆ ಕಾಣ್ತಿದೆ. ರಸ್ತೆ ನಡುವೆ ಬಿಆರ್‌ಟಿಎಸ್ ನಿಲ್ದಾಣ, ಅದರಲ್ಲಿ ಬಂದು ಹೋಗೋ ಹಸಿರು ಚಿಗರಿ ಬಸ್ಸು. ಅಕ್ಕಪಕ್ಕ ಕಾರು, ಟಂಟಂ, ಬೈಕು, ಆಂಬ್ಯುಲೆನ್ಸು. ಊರು ಅಂದ್ರೆ ಹಳ್ಳಿಯೂ ಹೌದು, ಎರಡು ಊರುಗಳ ನಡುವಿನ ಪ್ಯಾಟಿಯೂ ಹೌದು. ನಮ್ಮ ಅಕ್ಕನ ಮನೆ ಇಲ್ಲೇ.

ಇವತ್ತು ರಾಜಕೀಯ ಇಲ್ಲ. ಯಾರು ಯಾವ ಪಕ್ಷಕ್ಕೆ ಹೋದ್ರು, ಯಾರು ಯಾರಿಗೆ ಏನಂದ್ರು, ಅದನ್ನ ನಾಳೆ ನೋಡೋಣ. ಇವತ್ತು ನಿಮ್ಮ ಕಿಸೆಯೊಳಗಿನ ಒಂದು ವಸ್ತುವಿನ ಬಗ್ಗೆ ಮಾತಾಡ್ತೀನಿ. ಕಾರಿನ ಕೀಲಿಕೈ.

ನಮ್ಮ ಕಡೆ ಬೀಗಕ್ಕೆ ಕೀಲಿ ಅಂತಾರೆ, ಚಾವಿಗೆ ಕೀಲಿಕೈ ಅಂತಾರೆ. ನಮ್ಮ ಅವ್ವ ಕೀಲಿಕೈ ಗೊಂಚಲನ್ನ ಸೀರೆ ಸೊಂಟಕ್ಕೆ ಸಿಗಿಸಿಕೊಂಡು ಓಡಾಡೋಳು. ನಡೆದ್ರೆ ಸದ್ದು. ಆ ಸದ್ದಿನ ಮೇಲೆ ಮನೆಯೊಳಗೆ ಅವ್ವ ಎಲ್ಲಿದ್ದಾಳೆ ಅಂತ ನಮಗೆ ಗೊತ್ತಾಗ್ತಿತ್ತು. ಕೀಲಿಕೈ ಎಲ್ಲಿದೆಯೋ ಅಲ್ಲಿ ಮನೆಯ ಜವಾಬ್ದಾರಿ ಇದೆ. ಇವತ್ತಿನ ಕಾರಿನ ಕೀಲಿಕೈ ಸದ್ದು ಮಾಡೋದಿಲ್ಲ. ಅದನ್ನ ತೂತಿಗೆ ಹಾಕೋದೂ ಇಲ್ಲ, ತಿರುವೋದೂ ಇಲ್ಲ. ಕಿಸೆಯಲ್ಲಿ ಸುಮ್ಮನೆ ಬಿದ್ದಿರುತ್ತೆ. ಹಾಗಾಗಿ ಅದು ಎಲ್ಲಿದೆ ಅನ್ನೋದೇ ನಮಗೆ ಮರೆತು ಹೋಗುತ್ತೆ.

ಹೋದ ವರ್ಷ ನಮ್ಮ ಅಕ್ಕನ ಮನೆಗೆ ಹೊಸ ಕಾರು ಬಂತು. ಮಗ ಬೆಂಗಳೂರಿನಲ್ಲಿ ಕೆಲಸ ಮಾಡ್ತಾನೆ, ಅವನೇ ಕೊಡಿಸಿದ್ದು. ಬಟನ್ ಒತ್ತಿದ್ರೆ ಶುರುವಾಗೋ ಗಾಡಿ. ಒಂದು ಬೆಳಗ್ಗೆ ಅಕ್ಕ, ಅಕ್ಕನ ಅತ್ತೆ, ನಮ್ಮ ಭಾವ ಮೂವರೂ ಮನೆಯಿಂದ ಹೊರಟರು. ಅತ್ತೆಗೆ ಸಕ್ಕರೆ ಕಾಯಿಲೆ. ಹುಬ್ಬಳ್ಳಿಯಲ್ಲಿ ಖಾಲಿ ಹೊಟ್ಟೆಯ ರಕ್ತ ಪರೀಕ್ಷೆ ಮಾಡಿಸಬೇಕಿತ್ತು. ಭಾವನಿಗೆ ಧಾರವಾಡದಲ್ಲಿ ಒಂದು ಮೀಟಿಂಗು. ಮನೆ ಅಂಗಳದಲ್ಲಿ ಗಾಡಿ ಶುರು ಮಾಡಿದ್ದು ಭಾವ. ಇಲ್ಲೇ, ಈ ನಿಲ್ದಾಣದ ಹತ್ತಿರ ಅವರು ಇಳಿದ್ರು, ಅಕ್ಕ ಸ್ಟೀರಿಂಗ್ ಹಿಡಿದಳು. ಇಂಜಿನ್ ಆಫ್ ಆಗಲೇ ಇಲ್ಲ. ಭಾವ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೋದ್ರು. ಅಕ್ಕ ಹುಬ್ಬಳ್ಳಿ ಕಡೆ ತಿರುಗಿಸಿದಳು.

ಗಾಡಿ ಬೀಪ್ ಬೀಪ್ ಅಂತ ನಾಲ್ಕಾರು ಸಲ ಹೊಡ್ಕೊಂಡಿತು. ಪರದೆ ಮೇಲೆ ಏನೋ ಇಂಗ್ಲಿಷ್ ಅಕ್ಷರ ಬಂತು. ಅಕ್ಕ ಏನಂದ್ಕೊಂಡಳು? ಅತ್ತೆ ಸೀಟ್ ಬೆಲ್ಟ್ ಹಾಕಿಲ್ಲ, ಅದಕ್ಕೆ ಕೂಗ್ತಿದೆ ಅಂತ. ಬೆಲ್ಟ್ ಹಾಕಿಸಿದಳು. ಬೀಪ್ ನಿಂತಿತು. ಸರಿಹೋಯ್ತು ಅಂದ್ಕೊಂಡಳು.

ಹುಬ್ಬಳ್ಳಿಯಲ್ಲಿ ಗಾಡಿ ನಿಲ್ಲಿಸಿ ಆಫ್ ಮಾಡಿದ್ರು. ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದ್ರು. ಅಲ್ಲಿ ಪಾಳಿ ಉದ್ದ ಇತ್ತು, ಹೊತ್ತು ಏರಿತ್ತು. ತಿರುಗಿ ಕಾರಿಗೆ ಬಂದಾಗ ಅತ್ತೆಗೆ ಬೆವರು, ಕೈ ನಡುಕ. ‘ಯವ್ವಾ, ಕಣ್ಣಿಗೆ ಕತ್ತಲಿ ಬಂದಂಗ ಆಗಾಕತ್ತೈತಿ’ ಅಂದ್ರಂತೆ. ಅಕ್ಕ ಬಟನ್ ಒತ್ತಿದಳು. ಗಾಡಿ ಶುರುವಾಗಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಕೀಲಿಕೈ ಇಲ್ಲ ಅಂತ ಪರದೆ ಹೇಳ್ತಿದೆ. ಕೀಲಿಕೈ ಎಲ್ಲಿದೆ? ಧಾರವಾಡದಲ್ಲಿ, ಭಾವನ ಅಂಗಿ ಕಿಸೆಯಲ್ಲಿ. ಭಾವನ ಫೋನು? ಮೀಟಿಂಗಿನಲ್ಲಿ, ಸೈಲೆಂಟಿನಲ್ಲಿ.

ಪಕ್ಕದ ಚಹಾ ಅಂಗಡಿಯ ಹುಡುಗ ಓಡಿ ಬಂದ. ‘ಸಕ್ರಿ ಕಾಯಿಲೆ ಐತಿ ಏನ್ರೀ ಅಮ್ಮಾರಿಗೆ?’ ಅಂತ ಕೇಳಿ ನೀರಿಗೆ ಮೂರು ಚಮಚ ಸಕ್ಕರೆ ಕಲಸಿ ಕುಡಿಸಿದ. ಹತ್ತು ನಿಮಿಷಕ್ಕೆ ಆ ಅಜ್ಜಿ ಚೇತರಿಸಿಕೊಂಡ್ರು. ಆಟೋ ಹಿಡಿದು ಡಾಕ್ಟರ ಹತ್ತಿರ ಹೋದ್ರು. ಭಾವ ಕಿಸೆಯಲ್ಲಿ ಕೀಲಿಕೈ ಇಟ್ಟುಕೊಂಡು ಮತ್ತೆ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಬಂದ್ರು. ಲಕ್ಷಗಟ್ಟಲೆ ಬೆಲೆಯ ಕಾರು ರಸ್ತೆ ಬದಿ ನಿಂತಿತ್ತು, ಅದರ ಕೀಲಿಕೈ ಬಸ್ಸಿನಲ್ಲಿ ಟಿಕೆಟ್ ತಗೊಂಡು ಬಂತು.

ಈಗ ನಗ್ತೀವಿ. ಆವತ್ತು ಯಾರೂ ನಗಲಿಲ್ಲ.

ಆ ಗಾಡಿಯದ್ದು ತಪ್ಪೇ? ಅಲ್ಲ. ಅದು ಮಾಡಬೇಕಾದ್ದನ್ನೇ ಮಾಡಿತು. ಅದು ಹೇಗೆ ಕೆಲಸ ಮಾಡುತ್ತೆ ಅಂತ ಕೇಳಿ. ನೀವು ಬಾಗಿಲ ಹಿಡಿಕೆ ಮುಟ್ಟಿದಾಗ ಕಾರು ಒಂದು ಸಣ್ಣ ರೇಡಿಯೋ ಸಂಕೇತ ಕಳಿಸುತ್ತೆ, ‘ಯಾರದು?’ ಅಂತ ಕೇಳಿದ ಹಾಗೆ. ಆ ಸಂಕೇತ ಒಂದೆರಡು ಮೀಟರ್ ಆಚೆ ಮುಟ್ಟೋದಿಲ್ಲ. ನಿಮ್ಮ ಕಿಸೆಯ ಕೀಲಿಕೈ ಅದಕ್ಕೆ ಒಂದು ಗುಟ್ಟಿನ ಕೋಡ್ ಮೂಲಕ ಉತ್ತರ ಕೊಡುತ್ತೆ. ಕೋಡ್ ಹೊಂದಿದ್ರೆ ಬಾಗಿಲು ತೆರೆಯುತ್ತೆ. ಬಟನ್ ಒತ್ತಿದಾಗ ಮತ್ತೊಮ್ಮೆ ಕೇಳುತ್ತೆ, ಕೀಲಿಕೈ ಒಳಗಿದೆಯಾ ಅಂತ. ಇದ್ರೆ ಇಂಜಿನ್ ಶುರು. ಆದರೆ ಒಮ್ಮೆ ಶುರುವಾದ ಮೇಲೆ ಕೀಲಿಕೈ ಹೊರಗೆ ಹೋದ್ರೂ ಇಂಜಿನ್ ನಿಲ್ಲೋದಿಲ್ಲ. ಯಾಕೆ? ಓಡ್ತಾ ಇರುವಾಗ ಕೀಲಿಕೈಯ ಬ್ಯಾಟರಿ ಸತ್ತುಹೋದ್ರೆ ಹೆದ್ದಾರಿ ನಡುವೆ ಗಾಡಿ ನಿಲ್ಲಬಾರದಲ್ಲ? ಅದಕ್ಕೆ. ಅದು ಬೀಪ್ ಮಾಡಿ ಹೇಳುತ್ತೆ ಅಷ್ಟೆ. ಕೇಳಿಸಿಕೊಳ್ಳೋದು ನಮ್ಮ ಕೆಲಸ.

ಅಂದ್ರೆ ಕಾರಿಗೆ ಮನುಷ್ಯರ ಗುರುತಿಲ್ಲ. ಕೀಲಿಕೈಯ ಗುರುತು ಮಾತ್ರ ಇದೆ. ಕೀಲಿಕೈ ಯಾರ ಕಿಸೆಯಲ್ಲಿದೆಯೋ ಅವರೇ ಅದಕ್ಕೆ ಧಣಿ. ಇದನ್ನ ಕಳ್ಳರು ನಮಗಿಂತ ಮೊದಲೇ ತಿಳ್ಕೊಂಡಿದ್ದಾರೆ. ಇಬ್ಬರು ಕಳ್ಳರು. ಒಬ್ಬ ನಿಮ್ಮ ಮನೆ ಬಾಗಿಲ ಹತ್ತಿರ ಒಂದು ಯಂತ್ರ ಹಿಡಿದು ನಿಲ್ತಾನೆ, ಇನ್ನೊಬ್ಬ ಕಾರಿನ ಹತ್ತಿರ. ಬಾಗಿಲ ಪಕ್ಕದ ಮೊಳೆಗೆ ನೀವು ನೇತುಹಾಕಿದ ಕೀಲಿಕೈಯ ಸಂಕೇತವನ್ನ ಒಬ್ಬ ಹಿಡಿದು ಇನ್ನೊಬ್ಬನಿಗೆ ದಾಟಿಸ್ತಾನೆ. ಕೀಲಿಕೈ ಪಕ್ಕದಲ್ಲೇ ಇದೆ ಅಂತ ಕಾರು ನಂಬುತ್ತೆ. ಗಾಜು ಒಡೆಯೋದಿಲ್ಲ, ಸದ್ದಿಲ್ಲ. ಜರ್ಮನಿಯಲ್ಲಿ ಎಡಿಎಸಿ ಅಂತ ವಾಹನ ಮಾಲೀಕರ ದೊಡ್ಡ ಸಂಘ ಇದೆ. ಅವರು ನೂರಾರು ಮಾದರಿಯ ಕಾರುಗಳ ಮೇಲೆ ಇದೇ ಪರೀಕ್ಷೆ ಮಾಡಿ ನೋಡಿದ್ರು. ಬಹುಪಾಲು ಕಾರುಗಳು ಮೋಸ ಹೋದ್ವು. ಹೊಸ ಮಾದರಿಗಳಲ್ಲಿ ಇದಕ್ಕೆ ಕೆಲವು ಕಂಪನಿಗಳು ತಡೆ ಹಾಕ್ತಿವೆ. ನಿಮ್ಮದರಲ್ಲಿ ಇದೆಯೋ ಇಲ್ಲವೋ ಕೇಳಿ ತಿಳ್ಕೊಳ್ಳಿ. ಅಲ್ಲಿಯವರೆಗೆ ಕೀಲಿಕೈಯನ್ನ ಬಾಗಿಲ ಹತ್ತಿರ ಇಡಬೇಡಿ. ಸರಿಯಾಗಿ ಮುಚ್ಚೋ ಲೋಹದ ಡಬ್ಬಿಯಲ್ಲಿ ಇಡಿ. ಡಬ್ಬಿ ಸಾಕೋ ಇಲ್ಲವೋ ಅಂತ ನೋಡೋದು ಸುಲಭ. ಡಬ್ಬಿ ಕೈಯಲ್ಲಿ ಹಿಡಿದು ಕಾರಿನ ಪಕ್ಕ ನಿಂತು ಹಿಡಿಕೆ ಮುಟ್ಟಿ. ಬಾಗಿಲು ತೆರೆದ್ರೆ ಡಬ್ಬಿ ಬದಲಿಸಿ.

ಇನ್ನೊಂದು. ಆ ಕೀಲಿಕೈಯೊಳಗೆ ಒಂದು ರೂಪಾಯಿ ನಾಣ್ಯದ ಹಾಗೆ ಕಾಣೋ ಬ್ಯಾಟರಿ ಇರುತ್ತೆ. ಅದು ಸತ್ತಾಗ ಗಾಬರಿಯಾಗಬೇಡಿ. ಕೀಲಿಕೈಯ ಹೊಟ್ಟೆಯಲ್ಲೇ ಒಂದು ಲೋಹದ ಚಾವಿ ಅಡಗಿರುತ್ತೆ, ಅದರಿಂದ ಬಾಗಿಲು ತೆಗೀಬಹುದು. ಆಮೇಲೆ ಬಹಳಷ್ಟು ಗಾಡಿಗಳಲ್ಲಿ ಕೀಲಿಕೈಯನ್ನ ಸ್ಟಾರ್ಟ್ ಬಟನ್‌ಗೆ ತಾಗಿಸಿ ಹಿಡಿದ್ರೆ ಶುರುವಾಗುತ್ತೆ. ಕೆಲವು ಗಾಡಿಗಳಲ್ಲಿ ಅದಕ್ಕೆ ಬೇರೆ ಜಾಗ ಇರುತ್ತೆ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರ್ತಾರೆ. ಆ ಪುಸ್ತಕ ಎಲ್ಲಿದೆ? ಡ್ಯಾಶ್‌ಬೋರ್ಡ್ ಖಾನೆಯಲ್ಲಿ, ಪ್ಲಾಸ್ಟಿಕ್ ಸಮೇತ, ಹೊಸದಾಗಿಯೇ ಇದೆ!

ಹಳೇ ಬ್ಯಾಟರಿ ತೆಗೆದು ಟಿವಿ ಮೇಲೆ, ಕಿಟಕಿ ಮೇಲೆ ಇಡಬೇಡಿ. ಮಗು ನುಂಗಿದ್ರೆ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡೇ ಗಂಟೆಯಲ್ಲಿ ಒಳಗೆ ಸುಡೋಕೆ ಶುರು ಮಾಡುತ್ತೆ. ನುಂಗಿರಬಹುದು ಅಂತ ಅನುಮಾನ ಬಂದ್ರೂ ಸಾಕು, ವಾಂತಿ ಮಾಡಿಸೋಕೆ ಹೋಗಬೇಡಿ, ಬೆಳಗಾಗಲಿ ಅಂತ ಕಾಯಬೇಡಿ. ನೇರ ಆಸ್ಪತ್ರೆಗೆ ಓಡಿ, ಎಕ್ಸ್‌ರೇ ಮಾಡಿಸಿ.

ಮಕ್ಕಳ ಮಾತು ಬಂತು. 2025ರ ಮೇ ತಿಂಗಳಲ್ಲಿ ಆಂಧ್ರದ ವಿಜಯನಗರಂ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಿಲ್ಲಿಸಿದ್ದ ಕಾರಿನೊಳಗೆ ಆಟಕ್ಕೆ ಹೋದ ನಾಲ್ಕು ಮಕ್ಕಳು ಹೊರಗೆ ಬರಲಾಗದೆ ಉಸಿರುಗಟ್ಟಿ ಸತ್ತವು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಗಾಡಿ ಮನೆ ಮುಂದೆ ನಿಂತಿದ್ರೂ ಲಾಕ್ ಆಗಿರಲಿ. ಲಾಕ್ ಮಾಡೋ ಮುಂಚೆ ಹಿಂದಿನ ಸೀಟು ಒಮ್ಮೆ ನೋಡಿ. ಮಗುವಿನ ಕೈಗೆ ಕೀಲಿಕೈಯನ್ನ ಆಟಿಕೆ ಅಂತ ಕೊಡಬೇಡಿ.

ಇನ್ನು ಬಟನ್. ತಿರುವೋ ಚಾವಿಯ ಕಾಲದಲ್ಲಿ ಗಾಡಿ ನಿಲ್ಲಿಸೋದು ಹೇಗೆ ಅಂತ ಕೈಗೇ ಗೊತ್ತಿತ್ತು. ಈಗ? ಓಡ್ತಾ ಇರೋ ಗಾಡಿಯಲ್ಲಿ ಎಕ್ಸಲೇಟರ್ ಸಿಕ್ಕಿಕೊಂಡ್ರೆ ಇಂಜಿನ್ ಆಫ್ ಮಾಡೋದು ಹೇಗೆ? ನಿಮ್ಮ ಮನೆಯಲ್ಲಿ ಇವತ್ತು ರಾತ್ರಿ ಈ ಪ್ರಶ್ನೆ ಕೇಳಿ. ಎಷ್ಟು ಜನರಿಗೆ ಉತ್ತರ ಗೊತ್ತು ನೋಡಿ.

2009ರ ಆಗಸ್ಟ್ 28. ಅಮೆರಿಕದ ಸ್ಯಾನ್ ಡಿಯಾಗೊ ಹತ್ತಿರ ಒಬ್ಬ ಹೆದ್ದಾರಿ ಗಸ್ತು ಪೊಲೀಸ್ ಅಧಿಕಾರಿ ಹೆಂಡತಿ, ಮಗಳು, ಹೆಂಡತಿಯ ತಮ್ಮನ ಜೊತೆ ಹೊರಟಿದ್ದ. ಅವರ ಕಾರು ಸರ್ವಿಸ್‌ಗೆ ಹೋಗಿತ್ತು, ಶೋರೂಮಿನವರು ತಾತ್ಕಾಲಿಕವಾಗಿ ಬೇರೆ ಲೆಕ್ಸಸ್ ಕಾರು ಕೊಟ್ಟಿದ್ರು. ಅದರೊಳಗೆ ಬೇರೆ ಮಾದರಿಯ ಕಾಲುಹಾಸು ಹಾಕಿದ್ರು. ಆ ಹಾಸು ಎಕ್ಸಲೇಟರ್ ಪೆಡಲನ್ನ ಹಿಡ್ಕೊಂಡಿತು. ಗಾಡಿ ನಿಲ್ಲಲೇ ಇಲ್ಲ. ಕಾರಿನೊಳಗಿಂದ ಪೊಲೀಸರಿಗೆ ಫೋನು ಹೋಯ್ತು. ನಾಲ್ವರೂ ಸತ್ತರು. ವಾಹನ ಓಡಿಸೋದ್ರಲ್ಲಿ ತರಬೇತಿ ಪಡೆದ ಮನುಷ್ಯ ಆತ. ಆ ಗಾಡಿಯ ಬಟನ್ ಓಡ್ತಾ ಇರುವಾಗ ಒಂದು ಸಲ ಒತ್ತಿದ್ರೆ ಆಫ್ ಆಗ್ತಿರಲಿಲ್ಲ, ಮೂರು ಸೆಕೆಂಡ್ ಒತ್ತಿ ಹಿಡೀಬೇಕಿತ್ತು. ಬೇರೆಯವರ ಗಾಡಿ, ಯಾರು ಹೇಳಬೇಕು?

ನಮ್ಮಲ್ಲಿ ಬಹಳ ಗಾಡಿಗಳಲ್ಲಿ ಪದ್ಧತಿ ಹೀಗೇ ಇದೆ. ತುರ್ತಿನಲ್ಲಿ ಬಟನ್ ಒತ್ತಿ ಹಿಡೀಬೇಕು, ಇಲ್ಲವೇ ಬೇಗ ಬೇಗ ಮೂರು ಸಲ ಒತ್ತಬೇಕು. ನಿಮ್ಮ ಗಾಡಿಯದ್ದು ಯಾವುದು ಅಂತ ಪುಸ್ತಕ ತೆಗೆದು ನೋಡಿ. ನೆನಪಿಡಿ, ಇಂಜಿನ್ ನಿಂತ ಮೇಲೆ ಸ್ಟೀರಿಂಗ್ ಬಿಗಿ ಆಗುತ್ತೆ, ಬ್ರೇಕಿಗೂ ಜಾಸ್ತಿ ಬಲ ಬೇಕು. ಆದ್ದರಿಂದ ಮೊದಲು ಬ್ರೇಕು ಗಟ್ಟಿಯಾಗಿ ಒತ್ತಿ, ಗೇರು ನ್ಯೂಟ್ರಲ್‌ಗೆ ತನ್ನಿ. ಅದಾಗಲಿಲ್ಲ ಅಂದ್ರೆ ಬಟನ್. ರಸ್ತೆ ಮೇಲೆ ಪರೀಕ್ಷೆ ಮಾಡೋಕೆ ಹೋಗಬೇಡಿ ಮತ್ತೆ! ಹಾಗೆಯೇ ಡ್ರೈವರ್ ಕಾಲಡಿ ಹಾಸಿನ ಮೇಲೆ ಹಾಸು ಹಾಕೋದನ್ನ ಬಿಡಿ. ಕಂಪನಿ ಕೊಟ್ಟ ಒಂದೇ ಹಾಸು, ಅದರ ಕೊಕ್ಕೆ ಸಿಗಿಸಿ ಹಾಕಿ. ನೀರಿನ ಬಾಟಲಿ ಅಲ್ಲಿ ಉರುಳಾಡಬಾರದು.

ಇಂಜಿನ್ ಸದ್ದು ಕೇಳೋದಿಲ್ಲ ಅಂದ್ರೆ ಗಾಡಿ ಆಫ್ ಆಗಿದೆ ಅಂತ ಅರ್ಥ ಅಲ್ಲ. ಅಮೆರಿಕದಲ್ಲಿ ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ ಬಟನ್ ಗಾಡಿಯನ್ನ ಆಫ್ ಮಾಡದೆ, ಕೀಲಿಕೈ ಕಿಸೆಯಲ್ಲಿದೆಯಲ್ಲ ಅಂತ ಒಳಗೆ ಹೋಗಿ ಮಲಗಿದವರು ಹೊಗೆಯ ವಿಷಗಾಳಿಗೆ ಸತ್ತಿದ್ದಾರೆ. 2006ರಿಂದ 2018ರವರೆಗೆ ಕನಿಷ್ಠ 28 ಜನ ಅಂತ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಲೆಕ್ಕ ಹಾಕಿತ್ತು. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಗಳು, ಶಟರ್ ಹಾಕೋ ಮನೆಗಳು ಏನು ಕಡಿಮೆ ಇವೆಯೇ? ಇಳಿಯೋ ಮುಂಚೆ ಪಾರ್ಕ್, ಹ್ಯಾಂಡ್ ಬ್ರೇಕ್, ಬಟನ್, ಪರದೆ ಕತ್ತಲಾಯಿತೇ ಅಂತ ಒಂದು ನೋಟ. ಎಲೆಕ್ಟ್ರಿಕ್ ಗಾಡಿ ಇದ್ದವರಂತೂ ಎರಡು ಸಲ ನೋಡಿ.

ಈಗ ನಾನು ಒಪ್ಪಿಕೊಳ್ಳಬೇಕಾದ ಒಂದು ಮಾತಿದೆ.

ಅಕ್ಕನ ಮಗ ಆ ಗಾಡಿ ಯಾಕೆ ಆರಿಸಿದ? ಕೆಲವು ವರ್ಷಗಳಿಂದ ನಮ್ಮಲ್ಲಿ ಅಡಾಸ್ ಅನ್ನೋ ಮಾತು ಜೋರಾಗಿದೆ. ಚಾಲಕನಿಗೆ ನೆರವಾಗೋ ಯಂತ್ರ ವ್ಯವಸ್ಥೆ. ಮುಂದಿನ ಗಾಡಿ ನೋಡಿ ತಾನೇ ವೇಗ ಹೆಚ್ಚು ಕಡಿಮೆ ಮಾಡುತ್ತೆ, ತಾನೇ ಬ್ರೇಕ್ ಹಾಕುತ್ತೆ, ಲೇನ್ ಬಿಟ್ಟು ಸರಿದ್ರೆ ಸ್ಟೀರಿಂಗ್ ತಿರುಗಿಸುತ್ತೆ. 2020ರ ನಂತರ ಎಂಜಿ, ಮಹೀಂದ್ರ, ಟಾಟಾ, ಹ್ಯುಂಡೈ, ಹೋಂಡಾ ಎಲ್ಲರೂ ಇದನ್ನ ತಂದ್ರು. ನಾವೂ ಚಾನೆಲ್‌ನಲ್ಲಿ ಕಾರ್ಯಕ್ರಮ ಮಾಡಿದ್ವಿ. ನಾನೇ ಸ್ಟೀರಿಂಗಿನಿಂದ ಎರಡೂ ಕೈ ಎತ್ತಿ ಕ್ಯಾಮೆರಾಕ್ಕೆ ತೋರಿಸಿದೆ, ‘ನೋಡಿ, ಗಾಡಿ ತಾನೇ ಹೋಗ್ತಿದೆ’ ಅಂತ. ಹಿನ್ನೆಲೆಗೆ ಸಂಗೀತ ಹಾಕಿದ್ವಿ. ಜನ ಚಪ್ಪಾಳೆ ಹೊಡೆದ್ರು.

ಸಂಕ್ರಾಂತಿಗೆ ಊರಿಗೆ ಬಂದಾಗ ಆ ಹುಡುಗ ನನ್ನನ್ನ ಮಾಳಿಗೆ ಮೇಲೆ ಕರ್ಕೊಂಡು ಹೋಗಿ ಹೇಳಿದ. ‘ಮಾಮಾ, ಅವ್ವಗ ಹೇಳಬ್ಯಾಡ್ರಿ. ನಿನ್ನೆ ರಾತ್ರಿ ಹಾವೇರಿ ದಾಟಿದ ಮ್ಯಾಲೆ ನಾ ಸತ್ತೇ ಹೋಗ್ತಿದ್ದೆ.’

ತೊಂಬತ್ತರ ವೇಗಕ್ಕೆ ಗಾಡಿಯನ್ನ ಕಟ್ಟಿ ಬಿಟ್ಟಿದ್ದ. ಮುಂದೆ ಒಂದು ಕಂಟೇನರ್ ಲಾರಿ. ಅದನ್ನ ನೋಡ್ತಾ ಅವನ ಗಾಡಿ ತಾನೇ ಅಂತರ ಕಾಯ್ದುಕೊಂಡು ಹೋಗ್ತಿತ್ತು. ಇವನು ಫೋನಿನಲ್ಲಿ ಹಾಡು ಹುಡುಕ್ತಿದ್ದ. ಲಾರಿ ತಟ್ಟನೆ ಬಲಕ್ಕೆ ಸರಿಯಿತು. ಅದರ ಮುಂದೆ ಏನಿತ್ತು? ಕಬ್ಬು ಹೇರಿದ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್. ಕೆಂಪು ದೀಪ ಇಲ್ಲ, ಹೊಳೆಯೋ ಪಟ್ಟಿ ಇಲ್ಲ. ನಿಂತಿತ್ತೋ, ಆಮೆ ಹಾಗೆ ಹೋಗ್ತಿತ್ತೋ ಗೊತ್ತಿಲ್ಲ. ಮುಂದಿನ ಲಾರಿ ಹೋಯ್ತಲ್ಲ, ದಾರಿ ಖಾಲಿ ಅಂತ ಗಾಡಿ ಇನ್ನೂ ವೇಗ ಏರಿಸೋಕೆ ಹೊರಟಿತ್ತು. ಇವನು ತಲೆ ಎತ್ತಿದ, ಬ್ರೇಕ್ ಮೇಲೆ ನಿಂತ. ಕಬ್ಬಿನ ತುದಿಗೂ ಗಾಜಿಗೂ ಒಂದು ಮಾರು ಅಂತರ ಉಳಿದಿತ್ತಂತೆ.

‘ನೀವು ಟಿವಿಯೊಳಗ ಕೈ ಬಿಟ್ಟು ತೋರ್ಸಿದ್ರೆಲ್ಲ, ಅದನ್ನ ನೋಡೇ ತಗೊಂಡೆ ಮಾಮಾ’ ಅಂದ. ಬೈಯೋ ದನಿಯಲ್ಲಿ ಹೇಳಲಿಲ್ಲ. ಬೈದಿದ್ರೆ ಚೆನ್ನಾಗಿತ್ತು.

ಅಕ್ಕನಿಗೆ ಈಗ ಗೊತ್ತಾಗಿದೆ, ಅವನೇ ಆಮೇಲೆ ಹೇಳಿದ. ಅವನ ಒಪ್ಪಿಗೆ ಪಡೆದೇ ನಿಮ್ಮ ಮುಂದೆ ಇಡ್ತಿದ್ದೀನಿ. ಆ ಕಾರ್ಯಕ್ರಮದಲ್ಲಿ ನಾನು ಹೇಳದೆ ಬಿಟ್ಟಿದ್ದನ್ನ ಇವತ್ತು ಹೇಳ್ತೀನಿ.

ನಮ್ಮಲ್ಲಿ ಮಾರ್ತಿರೋ ಕಾರುಗಳ ಅಡಾಸ್ ಹೆಚ್ಚೆಂದ್ರೆ ಎರಡನೇ ಹಂತದ್ದು. ಸೊನ್ನೆಯಿಂದ ಐದರವರೆಗೆ ಹಂತಗಳಿವೆ. ಐದನೇ ಹಂತದಲ್ಲಿ ಮನುಷ್ಯ ಬೇಡ. ಎರಡನೇ ಹಂತದಲ್ಲಿ ಮನುಷ್ಯ ಪ್ರತಿ ಕ್ಷಣ ಬೇಕು. ಕಣ್ಣು ರಸ್ತೆ ಮೇಲೆ, ಕೈ ಸ್ಟೀರಿಂಗ್ ಮೇಲೆ. ಅದು ಡ್ರೈವರ್ ಅಲ್ಲ, ಕ್ಲೀನರ್. ಕ್ಲೀನರ್ ಹುಡುಗ ‘ಅಣ್ಣಾ, ಮುಂದ ನೋಡು’ ಅಂತ ಕೂಗ್ತಾನೆ, ಒಳ್ಳೇದೇ. ಹಾಗಂತ ಅವನ ಕೈಗೆ ಸ್ಟೀರಿಂಗ್ ಕೊಟ್ಟು ಡ್ರೈವರ್ ಮಲಗ್ತಾನಾ?

ಈ ಕ್ಲೀನರ್‌ಗೆ ಎರಡು ಕಣ್ಣು. ಮುಂದಿನ ಗಾಜಿನ ಮೇಲ್ಭಾಗದಲ್ಲಿ ಒಂದು ಕ್ಯಾಮೆರಾ, ಬಹಳಷ್ಟು ಗಾಡಿಗಳಲ್ಲಿ ಬಂಪರ್ ಹತ್ತಿರ ಒಂದು ರೇಡಾರ್. ಕ್ಯಾಮೆರಾಕ್ಕೆ ರಸ್ತೆಯ ಬಿಳಿ ಗೆರೆ ಬೇಕು. ನಮ್ಮ ರಸ್ತೆಗಳಲ್ಲಿ ಗೆರೆ ಎಲ್ಲಿದೆ? ಸಂಜೆ ಹುಬ್ಬಳ್ಳಿಯಿಂದ ಧಾರವಾಡದ ಕಡೆ ಹೊರಟ್ರೆ ಮುಳುಗೋ ಸೂರ್ಯ ನೇರ ಕಣ್ಣಿಗೆ ಹೊಡೀತಾನೆ. ನಿಮಗೆ ಕಾಣದ ಹಾಗೆ ಕ್ಯಾಮೆರಾಕ್ಕೂ ಕಾಣೋದಿಲ್ಲ. ಧಾರವಾಡದ ಆಷಾಢದ ಜಿಟಿಜಿಟಿ ಮಳೆ, ಮಂಜು, ಬಂಪರ್‌ಗೆ ಮೆತ್ತಿದ ಎರೆಮಣ್ಣು, ಎಲ್ಲವೂ ಅದರ ಕಣ್ಣು ಕಟ್ಟುತ್ತೆ. ಅದರ ಮೇಲೆ ನಾವು ಬೇರೆ! ಕ್ಯಾಮೆರಾ ಮುಂದೆ ದೇವರ ಸ್ಟಿಕ್ಕರ್, ಸಂಘದ ಸ್ಟಿಕ್ಕರ್. ರೇಡಾರ್ ಮುಂದೆ ಕಬ್ಬಿಣದ ಗಾರ್ಡು. ಕಣ್ಣಿಗೆ ಬಟ್ಟೆ ಕಟ್ಟಿ ದಾರಿ ತೋರಿಸು ಅಂದ ಹಾಗೆ. ಮುಂದಿನ ಗಾಜು ಒಡೆದು ಹೊಸದು ಹಾಕಿಸಿದ್ರೆ ಕ್ಯಾಮೆರಾವನ್ನ ಮತ್ತೆ ಸರಿಯಾದ ಅಳತೆಗೆ ಕೂರಿಸಬೇಕು. ಅದನ್ನ ಕೇಳಿ ಮಾಡಿಸಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ರೇಡಾರ್ ಇನ್ನೂ ವಿಚಿತ್ರ. ರಸ್ತೆ ಬದಿಯ ಕಂಬ, ಬೋರ್ಡು, ಸೇತುವೆ ಎಲ್ಲಕ್ಕೂ ಬ್ರೇಕ್ ಹಾಕ್ತಾ ಹೋದ್ರೆ ಗಾಡಿ ಮುಂದೆ ಹೋಗೋದೇ ಇಲ್ಲ. ಅದಕ್ಕೆ ನಿಂತ ವಸ್ತುಗಳನ್ನ ಹೆಚ್ಚು ಲೆಕ್ಕಕ್ಕೆ ತಗೋಬೇಡ ಅಂತ ಅನೇಕ ವ್ಯವಸ್ಥೆಗಳಲ್ಲಿ ಹೇಳಿಕೊಟ್ಟಿರ್ತಾರೆ. ಹಾಗಾಗಿ ಹೆದ್ದಾರಿ ವೇಗದಲ್ಲಿ, ನಿಂತ ಗಾಡಿ ದಿಢೀರ್ ಎದುರಾದ್ರೆ ಅದು ತಪ್ಪಬಹುದು. ಎಲ್ಲ ಕಂಪನಿಗಳ ಪುಸ್ತಕದಲ್ಲೂ ಈ ಎಚ್ಚರಿಕೆ ಇರುತ್ತೆ, ಸಣ್ಣ ಅಕ್ಷರದಲ್ಲಿ. ನಮ್ಮ ಹೆದ್ದಾರಿಯಲ್ಲಿ ಏನೇನು ನಿಲ್ಲುತ್ತೆ ಅಂತ ನಿಮಗೆ ಗೊತ್ತು. ಕೆಟ್ಟ ಲಾರಿ, ಅದರ ಹಿಂದೆ ದೀಪದ ಬದಲು ನಾಲ್ಕು ಕಲ್ಲು. ಚಕ್ಕಡಿ. ಎಮ್ಮೆ. ತಪ್ಪು ದಾರಿಯಲ್ಲಿ ಎದುರು ಬರೋ ಬೈಕು.

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾದ ಟೆಂಪೆ ನಗರದಲ್ಲಿ ಊಬರ್ ಕಂಪನಿ ತಾನೇ ಓಡೋ ಕಾರನ್ನ ಪರೀಕ್ಷೆ ಮಾಡ್ತಿತ್ತು. ನಮ್ಮ ಗಾಡಿಗಳಿಗಿಂತ ಎಷ್ಟೋ ಮುಂದುವರಿದ ಯಂತ್ರ ಅದು. ಒಬ್ಬ ಹೆಣ್ಣುಮಗಳು ಸೈಕಲ್ ತಳ್ಳಿಕೊಂಡು ರಸ್ತೆ ದಾಟ್ತಿದ್ದಳು. ಡಿಕ್ಕಿಗೆ 5.6 ಸೆಕೆಂಡ್ ಮೊದಲೇ ಯಂತ್ರಕ್ಕೆ ಅವಳು ಕಂಡಿದ್ದಳು. ಆದರೆ ಇದು ವಾಹನವೋ, ಸೈಕಲ್ಲೋ, ಬೇರೆ ಏನೋ ಅಂತ ಲೆಕ್ಕ ಬದಲಿಸ್ತಾ ಹೋಯ್ತು. ಕಾರಿನಲ್ಲಿ ಕಾವಲಿಗೆ ಕೂತಿದ್ದ ಚಾಲಕಿಯ ಕಣ್ಣು ಮೇಲೆ ಮೇಲೆ ಕೆಳಗೆ ಹೋಗ್ತಿತ್ತು, ಫೋನಿನಲ್ಲಿ ಟಿವಿ ಕಾರ್ಯಕ್ರಮ ನಡೀತಿತ್ತು. ರಸ್ತೆ ದಾಟ್ತಿದ್ದವಳು ಸತ್ತಳು. ಕಂಪನಿಯ ಮೇಲೆ ಕ್ರಿಮಿನಲ್ ಕೇಸು ಆಗಲಿಲ್ಲ. ಸೀಟಿನಲ್ಲಿ ಕೂತವರ ಮೇಲೆ ಆಯ್ತು. 2023ರಲ್ಲಿ ಆಕೆ ತಪ್ಪೊಪ್ಪಿಕೊಂಡ್ರು.

ಇಲ್ಲಿಯೂ ಅಷ್ಟೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವು ತಂದವರಿಗೆ ಐದು ವರ್ಷದವರೆಗೆ ಸಜೆ ಇದೆ. ‘ಸಾಹೇಬ್ರ, ಬ್ರೇಕ್ ಹಾಕಬೇಕಾಗಿದ್ದು ಗಾಡಿ’ ಅಂತ ಠಾಣೆಯಲ್ಲಿ ಹೇಳೋಕಾಗೋದಿಲ್ಲ.

ಹಾಗಂದ್ರೆ ಈ ತಂತ್ರಜ್ಞಾನವೇ ಬೇಡವೇ? ನಾನು ಹಾಗೆ ಹೇಳ್ತಿಲ್ಲ. ದಣಿದಾಗ ಕಣ್ಣು ಎಳೆದ ಒಂದು ಕ್ಷಣದಲ್ಲಿ ಆ ಬೀಪ್ ಒಂದು ಜೀವ ಉಳಿಸಬಹುದು. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತಿದ್ದಾರೆ. ಇದು ಸರ್ಕಾರದ್ದೇ ಲೆಕ್ಕ. ಸತ್ತವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ಬೈಕು ಸ್ಕೂಟರಿನವರು, 19ಕ್ಕೂ ಹೆಚ್ಚು ಮಂದಿ ಕಾಲ್ನಡಿಗೆಯವರು. ಅವರಿಗೆ ಅಡಾಸ್ ಇಲ್ಲ, ಏರ್‌ಬ್ಯಾಗ್ ಇಲ್ಲ. ನಿಮ್ಮ ಕಾರಿನ ಎಚ್ಚರ ಅವರಿಗೂ ರಕ್ಷಣೆ. ಆದರೆ ಯಂತ್ರದ ಎಚ್ಚರ ನಮ್ಮ ಎಚ್ಚರದ ಜೊತೆ ಸೇರಬೇಕು, ಅದರ ಜಾಗಕ್ಕೆ ಬರಬಾರದು.

2024ರ ಡಿಸೆಂಬರ್ 21 ನಿಮಗೆ ನೆನಪಿರಬೇಕು. ನೆಲಮಂಗಲದ ಹತ್ತಿರ ಇದೇ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಕಂಟೇನರ್ ಲಾರಿಯೊಂದು ಡಿವೈಡರ್ ಹಾರಿ ಬಂದು ಒಂದು ಕಾರಿನ ಮೇಲೆ ಮಗುಚಿತು. ಜಗತ್ತಿನ ಅತ್ಯಂತ ಸುರಕ್ಷಿತ ಗಾಡಿಗಳಲ್ಲಿ ಒಂದು ಅಂತ ಹೆಸರಾದ ವೋಲ್ವೊ. ಒಂದೇ ಕುಟುಂಬದ ಆರು ಜನ ಹೋದ್ರು. ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ತಮ್ಮ ಊರಿಗೆ ಹೊರಟಿದ್ದವರು. ಅವರದ್ದು ಯಾವ ತಪ್ಪೂ ಇರಲಿಲ್ಲ, ಅವರ ಕಾರಿನದ್ದೂ ಇರಲಿಲ್ಲ. ಹಾಗೇ ಇಲ್ಲೇ ಪಕ್ಕದ ನಮ್ಮ ಬೈಪಾಸು. 2021ರ ಜನವರಿ 15ರ ಬೆಳಗ್ಗೆ ಇಟಿಗಟ್ಟಿ ಹತ್ತಿರ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೋಗೂ ಟಿಪ್ಪರ್‌ಗೂ ಮುಖಾಮುಖಿ. ಹತ್ತಕ್ಕೂ ಹೆಚ್ಚು ಜೀವ ಹೋಯ್ತು. ನಡುವೆ ಡಿವೈಡರ್ ಇಲ್ಲದ, ಎರಡೇ ಲೇನಿನ ಹೆದ್ದಾರಿ ಅದು. ಆಮೇಲೆ ಹೋರಾಟ ಆಯ್ತು, 2022ರ ಫೆಬ್ರವರಿಯಲ್ಲಿ ಆರು ಪಥದ ರಸ್ತೆಗೆ ಅಡಿಗಲ್ಲು ಬಿತ್ತು. ಕಾರಿನೊಳಗಿನ ಯಂತ್ರ ಎಷ್ಟೇ ಜಾಣ ಇರಲಿ, ರಸ್ತೆ ಸರಿ ಇರಬೇಕು, ಎದುರಿನ ಲಾರಿಯ ಡ್ರೈವರ್‌ಗೆ ನಿದ್ದೆ ಆಗಿರಬೇಕು, ಕಬ್ಬಿನ ಟ್ರೇಲರ್‌ಗೆ ಹಿಂದೆ ಕೆಂಪು ದೀಪ ಇರಬೇಕು. ಸಕ್ಕರೆ ಕಾರ್ಖಾನೆಯವರೇ, ಸಾರಿಗೆ ಇಲಾಖೆಯವರೇ, ಹೊಳೆಯೋ ಒಂದು ಪಟ್ಟಿಗೆ ಎಷ್ಟು ಖರ್ಚಾಗುತ್ತೆ? ಹಂಗಾಮು ಶುರುವಾಗೋ ಮುಂಚೆ ಪ್ರತಿ ಟ್ರೇಲರ್‌ಗೆ ಅಂಟಿಸಿ. ಇದನ್ನ ಕೇಳೋದನ್ನ ನಾನು ಬಿಡೋದಿಲ್ಲ.

ನೀವು ಇವತ್ತು ರಾತ್ರಿ ಮಾಡಬೇಕಾದ್ದು ಇಷ್ಟು. ಗಾಡಿಯ ಪುಸ್ತಕ ತೆಗೆದು ಮೂರು ಪುಟ ಹುಡುಕಿ. ಕೀಲಿಕೈ ಬ್ಯಾಟರಿ ಸತ್ತರೆ ಏನು, ಓಡೋ ಗಾಡಿಯ ಇಂಜಿನ್ ಆಫ್ ಮಾಡೋದು ಹೇಗೆ, ಅಡಾಸ್ ಯಾವಾಗ ಕೆಲಸ ಮಾಡೋದಿಲ್ಲ. ಇಂಗ್ಲಿಷ್ ಬರದಿದ್ರೆ ಮಕ್ಕಳ ಕಡೆ ಓದಿಸಿ. ಎರಡನೇ ಕೀಲಿಕೈ ಮನೆಯಲ್ಲಿ ಎಲ್ಲಿದೆ ನೋಡಿ. ಗಾಡಿ ಕಳುವಾದ್ರೆ ವಿಮೆ ಕಂಪನಿಯವರು ಎರಡನ್ನೂ ಕೇಳ್ತಾರೆ. ಹಳೇ ಗಾಡಿ ಕೊಂಡವರು ಎರಡೂ ಕೀಲಿಕೈ ಕೇಳಿ ಪಡೀರಿ, ಮೂರನೆಯದು ಯಾರ ಹತ್ತಿರವಾದ್ರೂ ಇದ್ರೆ ಅದು ಕೆಲಸ ಮಾಡದ ಹಾಗೆ ಹೊಸದಾಗಿ ಕೋಡ್ ಹಾಕಿಸಿ. ಲೇನ್ ಬದಲಿಸುವಾಗ ಇಂಡಿಕೇಟರ್ ಹಾಕಿ, ಇಲ್ಲವಾದ್ರೆ ಗುಂಡಿ ತಪ್ಪಿಸೋಕೆ ನೀವು ತಿರುಗಿಸಿದ ಸ್ಟೀರಿಂಗನ್ನ ಗಾಡಿ ಹಿಂದಕ್ಕೆ ಎಳೆಯುತ್ತೆ. ಊರೊಳಗೆ, ಮಳೆಯಲ್ಲಿ, ತಿರುವಿನ ರಸ್ತೆಯಲ್ಲಿ ಕ್ರೂಸ್ ಹಾಕಬೇಡಿ. ಸ್ಟೀರಿಂಗಿಗೆ ನೀರಿನ ಬಾಟಲಿ ಕಟ್ಟಿ ಗಾಡಿಗೆ ಮೋಸ ಮಾಡೋ ವಿಡಿಯೋಗಳನ್ನ ನೋಡಬೇಡಿ, ಮಾಡಲೇಬೇಡಿ. ಗಾಡಿ ಬೀಪ್ ಅಂದ್ರೆ ಯಾಕೆ ಅಂತ ಓದಿ ತಿಳ್ಕೊಂಡು ಮುಂದೆ ಹೋಗಿ.

ಚಾಲಕ ಬದಲಾಗುವಾಗ ಮಾತ್ರ ಒಂದು ನಿಯಮ ಮಾಡಿಕೊಳ್ಳಿ. ಗಾಡಿ ಆಫ್ ಮಾಡಿ, ಕೀಲಿಕೈ ಕೈಯಿಂದ ಕೈಗೆ ಕೊಡಿ, ಅವರೇ ಮತ್ತೆ ಶುರು ಮಾಡಲಿ. ಅರ್ಧ ನಿಮಿಷದ ಕೆಲಸ.

ನಮ್ಮ ಅಕ್ಕ ಈಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾಳೆ. ಕೀಲಿಕೈಗೆ ಒಂದು ಗೆಜ್ಜೆ ಕಟ್ಟಿದ್ದಾಳೆ. ಭಾವ ನಾಚಿಕೊಳ್ತಾರೆ. ‘ಮೀಟಿಂಗಿನ್ಯಾಗ ಝಲ್ ಅಂತೈತಿ, ಮಂದಿ ನಗ್ತಾರ’ ಅಂತಾರೆ. ‘ನಗಲಿ ಬಿಡ್ರಿ, ಎಲ್ಲೈತಿ ಅಂತ ಗೊತ್ತಾಗತೈತಿ’ ಅಂತಾಳೆ ಅಕ್ಕ. ಅಕ್ಕನ ಮಗ ಇವತ್ತು ಸಂಜೆ ಬೆಂಗಳೂರು ಬಿಟ್ಟಿದ್ದಾನೆ, ರಾತ್ರಿ ಇಲ್ಲಿ ಮುಟ್ಟಬೇಕು. ಫೋನು ಮಾಡಿಲ್ಲ, ಮಾಡಬಾರದು. ಗಾಡಿ ಓಡಿಸ್ತಿದ್ದಾನೆ. ಬಂದ ಮೇಲೆ ಮಾತಾಡ್ತೀನಿ.

ನಾನು ಸ್ಟೀರಿಂಗಿನಿಂದ ಕೈ ಎತ್ತಿ ತೋರಿಸಿದ ಆ ಹಳೇ ಕಾರ್ಯಕ್ರಮವನ್ನ ತೆಗೆದುಹಾಕಿ ಅಂತ ನಮ್ಮವರಿಗೆ ಹೇಳಿದ್ದೀನಿ. ನೋಡಿದವರು ಯಾರಾದ್ರೂ ಇದ್ರೆ, ಅದರ ಜಾಗಕ್ಕೆ ಇವತ್ತಿನ ಈ ಮಾತನ್ನ ಇಟ್ಟುಕೊಳ್ಳಿ. ಹುಷಾರಾಗಿ ಹೋಗಿ, ಹುಷಾರಾಗಿ ಬನ್ನಿ.